ಆಪ್ ಹೇಳಿದ ಜಾಗಕ್ಕೇ ಫೋಕಸ್ ಮಾಡಿದರೂ ಗೋಪುರ ಏಕೆ ಮಸುಕು? ದೋಷ ಹುಡುಕುವ ಬಗೆ

ಹಂಪಿಯ ಮಾತಂಗ ಬೆಟ್ಟದ ತುದಿ, ಬೆಳಗಿನ ಹೊತ್ತು. ಕಾಲ ಬಳಿಯೇ ಒಂದು ದುಂಡು ಬಂಡೆ. ಕೆಳಗೆ ಅಚ್ಯುತರಾಯ ದೇವಸ್ಥಾನ. ಅದರಾಚೆ ಗುಡ್ಡಗಳ ಸಾಲು. ಬಂಡೆಯ ಮೇಲಿನ ಕಲ್ಲುಹೂವಿನಿಂದ ಹಿಡಿದು ದೂರದ ಗುಡ್ಡದ ಅಂಚಿನವರೆಗೆ ಎಲ್ಲವೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಬರಲಿ ಎಂಬುದು ನನ್ನ ಆಸೆ. ಡೆಪ್ತ್ ಆಫ್ ಫೀಲ್ಡ್, ಅಂದರೆ ಎಷ್ಟು ಹತ್ತಿರದಿಂದ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಬರುತ್ತದೆ ಎಂದು ಲೆಕ್ಕ ಹಾಕುವ ಆಪ್ ಫೋನಿನಲ್ಲಿತ್ತು, ಅದನ್ನು ತೆಗೆದೆ. 18 ಮಿ.ಮೀ. ಲೆನ್ಸ್, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಹಾಯುವ ಕಂಡಿ) ಎಫ್ 8 ಎಂದು ಒತ್ತಿದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಕಿರಿದು. 'ಹೈಪರ್‌ಫೋಕಲ್ ದೂರ 1.37 ಮೀಟರ್' ಎಂದಿತು. ಅಲ್ಲಿಗೆ ಫೋಕಸ್ ಮಾಡಿದರೆ 68 ಸೆಂ.ಮೀ.ಯಿಂದ ಕೊನೆಯಿಲ್ಲದ ದೂರದವರೆಗೆ ಎಲ್ಲವೂ ಸ್ಪಷ್ಟ ಎಂದೂ ತೋರಿಸಿತು. ಅಳತೆ ಟೇಪು ಹಿಡಿದು, ಅಷ್ಟೇ ದೂರದ ಬಂಡೆಯ ಅಂಚಿಗೆ ಫೋಕಸ್ ಮಾಡಿ, 20 ಚಿತ್ರ ತೆಗೆದೆ.

ಮನೆಗೆ ಬಂದು ಮಾನಿಟರ್‌ನಲ್ಲಿ ನೋಡಿದರೆ ಬಂಡೆ ಕೆತ್ತಿದ ಹಾಗಿದೆ. ಗೋಪುರ ಮಾತ್ರ ಮಂಜಿನ ಹಿಂದೆ ನಿಂತಂತಿದೆ. ಇಪ್ಪತ್ತರಲ್ಲೂ ಅದೇ ಕತೆ. ಲೆನ್ಸ್ ಕೆಟ್ಟಿದೆ ಅಂದುಕೊಂಡು ಒಂದು ವಾರ ಒದ್ದಾಡಿದೆ. ಲೆನ್ಸ್‌ಗೆ ಏನೂ ಆಗಿರಲಿಲ್ಲ. ಆಪ್‌ನ ಲೆಕ್ಕವೂ ತಪ್ಪಿರಲಿಲ್ಲ. ನಾನು ಅದಕ್ಕೆ ಕೇಳಿದ ಪ್ರಶ್ನೆಯೇ ನನ್ನ ಕ್ಯಾಮೆರಾದ್ದಾಗಿರಲಿಲ್ಲ.

ಆಮೇಲೆ ಇದೇ ದೂರು ಹೇಳಿಕೊಂಡು ಎಷ್ಟೋ ಗೆಳೆಯರು ಬಂದಿದ್ದಾರೆ. ಅವರ ಚಿತ್ರಗಳನ್ನು ನೋಡುವಾಗ ನಾನು ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಪರೀಕ್ಷಿಸುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಚಿತ್ರವನ್ನೇ ಕೇಳಿ

ಆಪ್ ತೆರೆಯುವ ಮೊದಲು ಕೆಟ್ಟ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ತೆರೆಯಿರಿ. ಕೆಳಗಿನ ಅಂಚಿನಿಂದ ಮೇಲಕ್ಕೆ, ಅಂದರೆ ಹತ್ತಿರದಿಂದ ದೂರಕ್ಕೆ, ನಿಧಾನವಾಗಿ ನೋಡುತ್ತಾ ಹೋಗಿ. ನೀವು ಹುಡುಕಬೇಕಾದ್ದು ಒಂದೇ: ಎಲ್ಲಾದರೂ ಒಂದು ಕಡೆ ಪೂರ್ತಿ ಸ್ಪಷ್ಟವಾಗಿದೆಯಾ?

ಎಲ್ಲೂ ಸ್ಪಷ್ಟವಿಲ್ಲ ಎಂದಾದರೆ ಅದು ಡೆಪ್ತ್ ಸಮಸ್ಯೆಯೇ ಅಲ್ಲ. ಕೈ ಅಲುಗಿರಬೇಕು, ಇಲ್ಲವೇ ಅಪರ್ಚರ್ ತೀರಾ ಕಿರಿದಾಗಿರಬೇಕು. ಅಲುಗಾಟವಾದರೆ ಬೆಳಕಿನ ಚುಕ್ಕಿಗಳು ಒಂದೇ ದಿಕ್ಕಿಗೆ ಎಳೆದ ಗೆರೆಯಂತೆ ಕಾಣುತ್ತವೆ. ಫೋಕಸ್ ತಪ್ಪಿದ್ದರೆ ಅದೇ ಚುಕ್ಕಿ ದುಂಡಗೆ ಹರಡಿಕೊಳ್ಳುತ್ತದೆ. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ದೂರದ್ದು ಮಾತ್ರ ಮಸುಕಾಗಿ, ಅದರ ಅಂಚುಗಳು ನೀರಿನಲ್ಲಿ ಕಂಡಂತೆ ಡೊಂಕು ಡೊಂಕಾಗಿದ್ದರೆ ಚಿತ್ರ ತೆಗೆದ ಹೊತ್ತು ನೋಡಿ. ಬಿಸಿಲೇರಿದ ಮೇಲೆ ಹಂಪಿಯಂತಹ ಕಲ್ಲುನೆಲದ ಮೇಲೆ ಗಾಳಿಯೇ ಕುದಿಯುತ್ತಿರುತ್ತದೆ. ಬಿಸಿಲ್ಗುದುರೆ ಕಾಣುವ ಹೊತ್ತಿನಲ್ಲಿ ಯಾವ ಲೆನ್ಸೂ ದೂರದ ಗೋಪುರವನ್ನು ಸ್ಪಷ್ಟವಾಗಿ ಹಿಡಿಯಲಾರದು. ಅದಕ್ಕೆ ಮದ್ದು ಬೆಳಗಿನ ತಂಪು ಮಾತ್ರ.

ಹತ್ತಿರದ್ದು ಸ್ಪಷ್ಟ, ದೂರದ್ದು ದುಂಡಗೆ ಮಸುಕು, ಅಥವಾ ಇದರ ತಿರುವು ಮುರುವು ಆಗಿದೆಯಾ? ಹಾಗಿದ್ದರೆ ಆಪ್ ತೆರೆಯಿರಿ.

ಆಪ್‌ಗೆ ನಿಮ್ಮ ಕ್ಯಾಮೆರಾ ಯಾವುದೆಂದು ಗೊತ್ತಿದೆಯಾ?

ನಾನು ಜಾರಿದ್ದು ಇಲ್ಲಿಯೇ. ನನ್ನಲ್ಲಿಗೆ ಬರುವ ದೂರುಗಳಲ್ಲೂ ಇದೇ ಜಾಸ್ತಿ. ನನ್ನ ಆಪ್ ಹಾಕಿದಾಗಿನಿಂದ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್‌ನ (ಚಿತ್ರ ಹಿಡಿಯುವ ಒಳಗಿನ ಫಲಕ) ಲೆಕ್ಕದಲ್ಲಿಯೇ ಇತ್ತು. ನನ್ನದು 1.5 ಕ್ರಾಪ್, ಅಂದರೆ ಅದಕ್ಕಿಂತ ಒಂದೂವರೆ ಪಟ್ಟು ಚಿಕ್ಕ ಸೆನ್ಸರ್‌ನ ಕ್ಯಾಮೆರಾ. ಆಪ್‌ನಲ್ಲಿ ಸೆನ್ಸರ್ ಆಯ್ಕೆ ಮಾಡುವ ಪುಟವನ್ನು ನಾನು ತೆರೆದೇ ಇರಲಿಲ್ಲ.

ಸೆನ್ಸರ್ ಬದಲಾದರೆ ಏನು ವ್ಯತ್ಯಾಸ ಅಂತೀರಾ? ಫೋಕಸ್ ಆಗದ ಒಂದು ಚುಕ್ಕಿ ಸೆನ್ಸರ್ ಮೇಲೆ ಪುಟ್ಟ ವೃತ್ತವಾಗಿ ಬೀಳುತ್ತದೆ. ಆ ವೃತ್ತ ಎಷ್ಟು ದೊಡ್ಡದಾಗುವವರೆಗೆ ನಮ್ಮ ಕಣ್ಣು ಅದನ್ನು ಚುಕ್ಕಿ ಎಂದೇ ಒಪ್ಪಿಕೊಳ್ಳುತ್ತದೆ? ಆ ಮಿತಿಗೆ ಸರ್ಕಲ್ ಆಫ್ ಕನ್‌ಫ್ಯೂಷನ್ ಎನ್ನುತ್ತಾರೆ. ಫುಲ್ ಫ್ರೇಮ್‌ಗೆ ಸಾಮಾನ್ಯವಾಗಿ 0.03 ಮಿ.ಮೀ. ಹಿಡಿಯುತ್ತಾರೆ. 1.5 ಕ್ರಾಪ್‌ಗೆ 0.02, 1.6 ಕ್ರಾಪ್‌ಗೆ 0.019, ಇನ್ನೂ ಚಿಕ್ಕ ಸೆನ್ಸರ್ ಆದ ಮೈಕ್ರೋ ಫೋರ್ ಥರ್ಡ್ಸ್‌ಗೆ 0.015. ಸೆನ್ಸರ್ ಚಿಕ್ಕದಾದಷ್ಟೂ ಅದೇ ಗಾತ್ರದ ಪ್ರಿಂಟ್ ಮಾಡಲು ಚಿತ್ರವನ್ನು ಜಾಸ್ತಿ ಹಿಗ್ಗಿಸಬೇಕು. ಹಿಗ್ಗಿಸಿದಾಗ ಮಸುಕೂ ಹಿಗ್ಗುತ್ತದೆ. ಅದಕ್ಕೇ ಮಿತಿ ಬಿಗಿಯಾಗುತ್ತದೆ.

ಲೆಕ್ಕ ಸುಲಭ. ಫೋಕಲ್ ಲೆಂತ್ ಅನ್ನು (ಲೆನ್ಸ್‌ನ 18 ಮಿ.ಮೀ.ನಂತಹ ಸಂಖ್ಯೆ) ಅದರಿಂದಲೇ ಗುಣಿಸಿ. ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಈ ಮಿತಿಯಿಂದ ಭಾಗಿಸಿ. ಕೊನೆಗೆ ಒಂದು ಫೋಕಲ್ ಲೆಂತ್ ಕೂಡಿಸಿ. ಅದೇ ಮಿಲಿಮೀಟರ್‌ನಲ್ಲಿ ಹೈಪರ್‌ಫೋಕಲ್ ದೂರ. 18 ಮಿ.ಮೀ., ಎಫ್ 8ಕ್ಕೆ 0.03 ಹಾಕಿದರೆ 1.37 ಮೀಟರ್ ಬರುತ್ತದೆ. 0.02 ಹಾಕಿದರೆ 2.04 ಮೀಟರ್.

ಬರೀ 67 ಸೆಂ.ಮೀ. ವ್ಯತ್ಯಾಸ, ಇದರಿಂದ ಏನಾದೀತು ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿದಾಗ ಎದೆ ಝಲ್ ಎಂದಿತು. ಕ್ರಾಪ್ ಕ್ಯಾಮೆರಾದಲ್ಲಿ 1.37 ಮೀಟರ್‌ಗೆ ಫೋಕಸ್ ಮಾಡಿದರೆ ಸ್ಪಷ್ಟತೆ 4.1 ಮೀಟರ್‌ಗೇ ಮುಗಿದುಹೋಗುತ್ತದೆ. ಕೊನೆಯಿಲ್ಲದ ದೂರ ಎಲ್ಲಿ, 4 ಮೀಟರ್ ಎಲ್ಲಿ! ಹೈಪರ್‌ಫೋಕಲ್ ದೂರಕ್ಕಿಂತ ಸ್ವಲ್ಪ ಈಚೆಗೆ ಬಂದರೂ ಹಿಂದಿನ ಗಡಿ ದೊಪ್ಪನೆ ಹತ್ತಿರ ಬಂದು ಬೀಳುತ್ತದೆ. ಆಚೆಗೆ ಹೋದರೆ ಮುಂದಿನ ಗಡಿ ಮೆಲ್ಲಗೆ ಒಂದಿಷ್ಟು ಸರಿಯುತ್ತದೆ, ಅಷ್ಟೇ. ಈ ಎರಡು ತಪ್ಪುಗಳು ಒಂದೇ ತೂಕದವಲ್ಲ. ಅನುಮಾನ ಬಂದರೆ ಯಾವಾಗಲೂ ಆಚೆಗೇ ಫೋಕಸ್ ಮಾಡಿ.

27 ಎಂದು ಬರೆದಿರಾ, 18 ಎಂದು ಬರೆದಿರಾ?

ಕ್ರಾಪ್ ಕ್ಯಾಮೆರಾದಲ್ಲಿ 18 ಮಿ.ಮೀ. ಲೆನ್ಸ್ 27 ಮಿ.ಮೀ. ಲೆನ್ಸಿನ ನೋಟ ಕೊಡುತ್ತದೆ ಎಂದು ಎಲ್ಲರೂ ಕೇಳಿರುತ್ತೇವೆ. ಅದನ್ನು ನೆನಪಿಟ್ಟುಕೊಂಡು ಆಪ್‌ನಲ್ಲೂ 27 ಎಂದು ಹಾಕುವವರು ಬಹಳ ಜನ. ಸೆನ್ಸರ್ ಆಯ್ಕೆಯಲ್ಲಿ ಕ್ರಾಪ್ ಎಂದು ಆಗಲೇ ಕೊಟ್ಟಿದ್ದರೆ ಇದು ಎರಡು ಸಲ ಗುಣಿಸಿದಂತೆ. ಆಪ್ ಆಗ 4.58 ಮೀಟರ್ ಎನ್ನುತ್ತದೆ. ನಿಜವಾದ ದೂರ 2.04 ಮೀಟರ್. ಲೆನ್ಸ್ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೇ ಹಾಕಿ.

ಇದರ ಗುರುತು ಮೊದಲಿನದಕ್ಕೆ ಉಲ್ಟಾ. ದೂರದ ಗುಡ್ಡ ಚೆನ್ನಾಗಿರುತ್ತದೆ, ಕಾಲ ಬಳಿಯ ಬಂಡೆ ಮಸುಕಾಗುತ್ತದೆ. ಹಾಗಾಗಿ ಚಿತ್ರ ನೋಡಿದ ಕೂಡಲೇ ಇದನ್ನೂ ಹಿಂದಿನ ತಪ್ಪನ್ನೂ ಬೇರೆ ಮಾಡಬಹುದು.

ಫೋನ್ ಕ್ಯಾಮೆರಾದ ಮೇಲೆ ಬರೆದ 24 ಅಥವಾ 26 ಮಿ.ಮೀ. ಕೂಡ ಇಂತಹದೇ ಸಮಾನ ಸಂಖ್ಯೆ. ಒಳಗಿನ ಲೆನ್ಸ್ ಕೆಲವೇ ಮಿಲಿಮೀಟರ್‌ನದು. ಇನ್ನು ಪೋರ್ಟ್ರೇಟ್ ಮೋಡ್‌ನ ಮಸುಕು ಸಾಫ್ಟ್‌ವೇರ್ ಬಳಿದದ್ದು. ಅಲ್ಲಿ ಈ ಆಪ್‌ಗೆ ಕೆಲಸವೇ ಇಲ್ಲ.

ಅಪರ್ಚರ್ ವಿಷಯದಲ್ಲೂ ಆಪ್ ಸುಮ್ನೆ ಒಪ್ಪಿಕೊಂಡುಬಿಡುತ್ತದೆ. 18-55 ಲೆನ್ಸ್ ಮೇಲೆ 3.5-5.6 ಎಂದು ಇದ್ದರೆ 55ಕ್ಕೆ ಹೋದಾಗ 3.5 ಸಿಗುವುದೇ ಇಲ್ಲ. ಆಪ್‌ನಲ್ಲಿ ಹಾಕಿದರೆ ಅದೇನೂ ಬೇಡ ಅನ್ನುವುದಿಲ್ಲ. ಲೆಕ್ಕ ಕೊಡುತ್ತದೆ. ಚಿತ್ರದಲ್ಲಿ ದಾಖಲಾದ ವಿವರ ತೆರೆದು, ಅಲ್ಲಿರುವ ಫೋಕಲ್ ಲೆಂತ್ ಮತ್ತು ಎಫ್ ಸಂಖ್ಯೆಯನ್ನೇ ಆಪ್‌ಗೆ ಕೊಟ್ಟು ಮತ್ತೆ ಲೆಕ್ಕ ಮಾಡಿ.

ಅಡಿಯೋ ಮೀಟರೋ

ನಮ್ಮ ಕಡೆ ದೂರವನ್ನು ಅಡಿಯಲ್ಲಿ ಅಂದಾಜು ಮಾಡುವುದೇ ರೂಢಿ. ಸೈಟು, ಬಾಗಿಲು, ಮನುಷ್ಯನ ಎತ್ತರ ಎಲ್ಲವೂ ಅಡಿಯೇ. ಆಪ್ ಮಾತ್ರ ಮೀಟರ್‌ನಲ್ಲಿ ಕೂತಿರುತ್ತದೆ. ಗೆಳೆಯನೊಬ್ಬ ಊರಿನ ತೇರಿನ ದಿನ, ಮುಂದೆ ರಂಗೋಲಿ, ಹಿಂದೆ ತೇರು ಬರುವಂತೆ ಚಿತ್ರ ತೆಗೆದ. ಕ್ರಾಪ್ ಕ್ಯಾಮೆರಾ, 35 ಮಿ.ಮೀ., ಎಫ್ 8. ಆಪ್ 7.69 ಎಂದಿತು. ಇವನು ಏಳೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಎಂದು ಓದಿಕೊಂಡ. ರಂಗೋಲಿಯ ಅಂಚು ಅಷ್ಟೇ ದೂರದಲ್ಲಿತ್ತು, ಅಲ್ಲಿಗೆ ಫೋಕಸ್ ಮಾಡಿದ. 7.69 ಅಡಿ ಎಂದರೆ 2.34 ಮೀಟರ್. ಅಲ್ಲಿಗೆ ಫೋಕಸ್ ಮಾಡಿದರೆ ಸುಮಾರು 11 ಅಡಿಗೇ ಸ್ಪಷ್ಟತೆ ಮುಗಿಯುತ್ತದೆ. ಹಿಂದಿನ ತೇರು ಬಣ್ಣದ ರಾಶಿಯಾಗಿ ಬಂದಿತ್ತು. ವರ್ಷಕ್ಕೊಮ್ಮೆ ಎಳೆಯುವ ತೇರು. ಅವನ ಮುಖ ನೋಡಲಾಗಲಿಲ್ಲ.

ಅಳೆಯಲು ಟೇಪು ಇಲ್ಲದಿದ್ದರೆ ನಮ್ಮ ಹಳೆಯ ಅಳತೆಗಳೇ ಚೆನ್ನಾಗಿ ಕೆಲಸ ಮಾಡುತ್ತವೆ. ಎರಡೂ ಕೈ ಚಾಚಿದರೆ ಒಂದು ಮಾರು. ಅದು ಹೆಚ್ಚುಕಡಿಮೆ ನಮ್ಮ ಎತ್ತರದಷ್ಟೇ ಇರುತ್ತದೆ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ನಿಮ್ಮ ಮಾರು, ಮೊಳ, ಗೇಣು, ಹೆಜ್ಜೆ ಎಷ್ಟೆಷ್ಟು ಸೆಂ.ಮೀ. ಎಂದು ಒಮ್ಮೆ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಣ್ಣಂದಾಜನ್ನು ಮಾತ್ರ ನಂಬಬೇಡಿ.

ದೂರವನ್ನು ಅಳೆಯಬೇಕಾದ್ದು ಲೆನ್ಸ್‌ನ ಮೂತಿಯಿಂದಲ್ಲ, ಸೆನ್ಸರ್‌ನಿಂದ. ಬಹಳಷ್ಟು ಕ್ಯಾಮೆರಾಗಳ ಮೇಲ್ಭಾಗದಲ್ಲಿ ಸೊನ್ನೆಯ ನಡುವೆ ಗೆರೆ ಎಳೆದಂತಹ ಒಂದು ಗುರುತು ಇರುತ್ತದೆ. ಸೆನ್ಸರ್ ಇರುವ ಜಾಗ ಅದೇ. ಗುಡ್ಡ ಬೆಟ್ಟಕ್ಕೆ ಇದು ಲೆಕ್ಕಕ್ಕಿಲ್ಲ. ಅರ್ಧ ಮೀಟರ್ ದೂರದ ಹೂವಿಗೆ ಇದೇ ದೊಡ್ಡದು.

ಇನ್ನೊಂದು: ಫೋಕಸ್ ಮಾಡಿದ ಮೇಲೆ ಝೂಮ್ ತಿರುಗಿಸಿದಿರಾ? ಬಹಳಷ್ಟು ಝೂಮ್ ಲೆನ್ಸ್‌ಗಳಲ್ಲಿ ಆಗ ಫೋಕಸ್ ಜಾರುತ್ತದೆ. ಚೌಕಟ್ಟು ಮೊದಲು, ಫೋಕಸ್ ಆಮೇಲೆ. ಫೋಕಸ್ ಆದ ಕೂಡಲೇ ಮ್ಯಾನುಯಲ್‌ಗೆ ಹಾಕಿ. ಇಲ್ಲದಿದ್ದರೆ ಬಟನ್ ಒತ್ತಿದಾಗ ಕ್ಯಾಮೆರಾ ತನಗೆ ಬೇಕಾದ ಕಡೆ ಹೊಸದಾಗಿ ಫೋಕಸ್ ಮಾಡಿಕೊಳ್ಳುತ್ತದೆ.

ಎಲ್ಲ ಸರಿಯಿದ್ದರೂ ದೂರದ್ದು ಸ್ವಲ್ಪ ಮೆದು

ನಾನು ಸೆನ್ಸರ್ ಸರಿ ಮಾಡಿಕೊಂಡು ಮತ್ತೆ ಮಾತಂಗ ಹತ್ತಿದೆ. ಈ ಸಲ 2.04 ಮೀಟರ್‌ಗೇ ಫೋಕಸ್ ಮಾಡಿದೆ. ಗೋಪುರ ಮೊದಲಿಗಿಂತ ಎಷ್ಟೋ ಚೆನ್ನಾಗಿ ಬಂತು. ಆದರೂ ನೂರಕ್ಕೆ ನೂರು ಗಾತ್ರದಲ್ಲಿ ನೋಡಿದಾಗ ಸಾಲು ಗೊಂಬೆಗಳ ಅಂಚು ಮೆದುವಾಗಿಯೇ ಇತ್ತು. ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಈ ಹಂತವೇ.

'ಸ್ಪಷ್ಟ' ಎಂದು ಆಪ್ ಹೇಳುವುದಕ್ಕೂ ನಾವು ಅಂದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. 0.03, 0.02 ಎಂಬ ಮಿತಿಗಳು ಬಂದದ್ದು ಪ್ರಿಂಟಿನ ಲೆಕ್ಕದಿಂದ. ಸುಮಾರು 8×10 ಇಂಚಿನ ಪ್ರಿಂಟನ್ನು ಕೈಯಲ್ಲಿ ಹಿಡಿದು, 25 ಸೆಂ.ಮೀ. ದೂರದಿಂದ ನೋಡಿದರೆ ಕಣ್ಣಿಗೆ ಸ್ಪಷ್ಟ ಅನ್ನಿಸಬೇಕು. ಅಷ್ಟೇ ಅದರ ಭರವಸೆ. ನಾವು ನೋಡುವುದು ಹಾಗಲ್ಲ. 24 ಮೆಗಾಪಿಕ್ಸೆಲ್ ಚಿತ್ರ ಸುಮಾರು 6000 ಪಿಕ್ಸೆಲ್ ಅಗಲ. ಅದನ್ನು 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ತೆರೆದರೆ ಇಡೀ ಚಿತ್ರ ಸುಮಾರು ಐದೂವರೆ ಅಡಿ ಅಗಲವಾಗುತ್ತದೆ. ಗೋಡೆಯಗಲದ ಚಿತ್ರಕ್ಕೆ ಮೂಗು ತಾಗಿಸಿ ನೋಡಿದ ಹಾಗೆ.

ಪಿಕ್ಸೆಲ್ ಲೆಕ್ಕದಲ್ಲಿ ಹೇಳಿದರೆ ಇನ್ನೂ ಸುಲಭ. 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 0.0039 ಮಿ.ಮೀ. ಇರುತ್ತದೆ. 0.02 ಎಂದರೆ 5 ಪಿಕ್ಸೆಲ್. ಅಂದರೆ ಒಂದು ಚುಕ್ಕಿ 5 ಪಿಕ್ಸೆಲ್ ಅಗಲಕ್ಕೆ ಹರಡಿದರೂ ಆಪ್ ಅದನ್ನು ಸ್ಪಷ್ಟ ಎಂದೇ ಎಣಿಸುತ್ತದೆ. ಹೈಪರ್‌ಫೋಕಲ್ ದೂರಕ್ಕೆ ಫೋಕಸ್ ಮಾಡಿದರೆ ದೂರದ ಗೋಪುರ ಸರಿಯಾಗಿ ಆ ಮಿತಿಯ ಅಂಚಿನಲ್ಲೇ ಇರುತ್ತದೆ. ನನ್ನ ಮೊದಲ ಚಿತ್ರದಲ್ಲಿ ಅದು ಹೆಚ್ಚುಕಡಿಮೆ 8 ಪಿಕ್ಸೆಲ್ ಆಗಿತ್ತು.

ಇದಕ್ಕೆ ಪರಿಹಾರವೂ ಆಪ್ ಒಳಗೇ ಇದೆ. ಸರ್ಕಲ್ ಆಫ್ ಕನ್‌ಫ್ಯೂಷನ್ ಅನ್ನು ಕೈಯಾರೆ ಬದಲಿಸಲು ಬಿಡುವ ಆಪ್ ಇದ್ದರೆ 0.008 ಹಾಕಿ ನೋಡಿ. ಅದು 2 ಪಿಕ್ಸೆಲ್‌ಗೆ ಸಮ. ನನ್ನ ಲೆನ್ಸಿಗೆ ಹೈಪರ್‌ಫೋಕಲ್ ಆಗ ಸುಮಾರು 5 ಮೀಟರ್ ಆಗುತ್ತದೆ. ಅಲ್ಲಿಗೆ ಫೋಕಸ್ ಮಾಡಿದರೆ, ಹಳೆಯ 0.02ರ ಲೆಕ್ಕದಲ್ಲಿ, ಸ್ಪಷ್ಟತೆ ಶುರುವಾಗುವುದು 1.45 ಮೀಟರ್‌ನಿಂದ. ಮೊದಲು 1.02ರಿಂದ ಶುರುವಾಗುತ್ತಿತ್ತು. ಮುಂದೆ 43 ಸೆಂ.ಮೀ. ಕಳೆದುಕೊಂಡೆ. ದೂರದ ಗೋಪುರದ ಮಸುಕು 5ರಿಂದ 2 ಪಿಕ್ಸೆಲ್‌ಗೆ ಇಳಿಯಿತು. ಒಂದು ಹೆಜ್ಜೆ ಹಿಂದೆ ಸರಿದು ನಿಂತರೆ ಆ 43 ಸೆಂ.ಮೀ. ಕೂಡ ವಾಪಸ್ ಸಿಗುತ್ತದೆ. ಇಷ್ಟು ಒಳ್ಳೆಯ ಚೌಕಾಸಿ ಸಂತೆಯಲ್ಲೂ ಕುದುರುವುದಿಲ್ಲ.

ಮುಂದೆ ತೀರಾ ಹತ್ತಿರ ಏನೂ ಇಲ್ಲದಿದ್ದರೆ ನೇರವಾಗಿ ದೂರದ ಗುಡ್ಡಕ್ಕೇ ಫೋಕಸ್ ಮಾಡಿಬಿಡಿ. ಆಗ ಹತ್ತಿರದ ವಸ್ತುಗಳಲ್ಲಿ ಅಪರ್ಚರ್‌ನ ಅಗಲಕ್ಕಿಂತ ಸಣ್ಣ ವಿವರಗಳು ಮಾತ್ರ ಅಳಿಸಿಹೋಗುತ್ತವೆ. 18 ಮಿ.ಮೀ.ಯನ್ನು 8ರಿಂದ ಭಾಗಿಸಿದರೆ 2.25 ಮಿ.ಮೀ. ಅಂದರೆ ಹುಲ್ಲಿನ ಎಸಳು ಕಲಸಿಹೋಗಬಹುದು, ಬಂಡೆಯ ಬಿರುಕು ಉಳಿಯುತ್ತದೆ. ಈ ಲೆಕ್ಕಕ್ಕೆ ಆಪ್ ಕೂಡ ಬೇಡ.

ಎಫ್ 22ರ ಆಸೆ

ದೂರ ಹತ್ತಿರ ಎರಡೂ ಬೇಕೆಂದಾಗ ಅಪರ್ಚರ್ ಅನ್ನು 22ಕ್ಕೆ ಒಯ್ಯುವ ಆಸೆಯಾಗುತ್ತದೆ. ಆಪ್ ಕೂಡ ಅಲ್ಲಿ ಬಹಳ ಚಂದದ ಸಂಖ್ಯೆ ತೋರಿಸುತ್ತದೆ. ಬೆಳಕು ಕಿರಿದಾದ ಕಂಡಿಯಲ್ಲಿ ಹಾಯುವಾಗ ತಾನೇ ಹರಡುತ್ತದೆ ಎಂಬುದನ್ನು ಡೆಪ್ತ್‌ನ ಸಾದಾ ಲೆಕ್ಕ ಗಮನಿಸುವುದಿಲ್ಲ. ಎಫ್ 8ರಲ್ಲಿ ಈ ಹರಡುವಿಕೆ ಸುಮಾರು 0.011 ಮಿ.ಮೀ. ಎಫ್ 16ರಲ್ಲಿ 0.021. ಎಫ್ 22ರಲ್ಲಿ 0.03ರ ಹತ್ತಿರ. ಕ್ರಾಪ್ ಸೆನ್ಸರ್‌ನ 0.02 ಮಿತಿ ಆಗಲೇ ದಾಟಿತು. ಫೋಕಸ್ ಮಾಡಿದ ಜಾಗವೇ ಮೆದುವಾಗಿ ಬರುತ್ತದೆ. ಮುಂದೆ, ಹಿಂದೆ, ನಡುವೆ ಎಲ್ಲ ಕಡೆಯೂ ಒಂದೇ ಸಮ ಮೆದುವಾಗಿದ್ದರೆ ಇದೇ ಕಾರಣ ಅಂದುಕೊಳ್ಳಿ. ಕ್ರಾಪ್ ಕ್ಯಾಮೆರಾದಲ್ಲಿ ನಾನು 11 ದಾಟುವುದಿಲ್ಲ. ಅಷ್ಟರಲ್ಲಿ ಆಗದಿದ್ದರೆ ಟ್ರೈಪಾಡ್ ಇಟ್ಟು ಹತ್ತಿರಕ್ಕೊಂದು, ದೂರಕ್ಕೊಂದು ಚಿತ್ರ ತೆಗೆದು ಆಮೇಲೆ ಸೇರಿಸುತ್ತೇನೆ.

ಮುಖದ ಚಿತ್ರ: ಕಿವಿ ಸ್ಪಷ್ಟ, ಕಣ್ಣು ಮಸುಕು

ಕ್ರಾಪ್ ಕ್ಯಾಮೆರಾ, 50 ಮಿ.ಮೀ., ಎಫ್ 1.8, ಒಂದೂವರೆ ಮೀಟರ್ ದೂರ. ಆಪ್ ಒಟ್ಟು 6.3 ಸೆಂ.ಮೀ. ಆಳ ತೋರಿಸುತ್ತದೆ. ಕಣ್ಣಿನ ಮುಂದೆ 3, ಹಿಂದೆ 3. ಸಾಕು ಅನ್ನಿಸುತ್ತದೆ. ನಡುವಿನ ಫೋಕಸ್ ಚುಕ್ಕಿಯನ್ನು ಕಣ್ಣಿಗೆ ಇಟ್ಟು, ಬಟನ್ ಅರ್ಧ ಒತ್ತಿ, ಕ್ಯಾಮೆರಾ ತಿರುಗಿಸಿ ಚೌಕಟ್ಟು ಸರಿ ಮಾಡಿಕೊಂಡಿರಾ? ಅಲ್ಲೇ ಎಡವಟ್ಟು. ಫೋಕಸ್ ಆಗುವುದು ಒಂದು ಚಪ್ಪಟೆ ಹಲಗೆಯಂತಹ ಜಾಗದಲ್ಲಿ. ಕ್ಯಾಮೆರಾ ತಿರುಗಿದರೆ ಆ ಹಲಗೆಯೂ ತಿರುಗುತ್ತದೆ. 12 ಡಿಗ್ರಿ ತಿರುಗಿಸಿದರೆ ಅದು ಕಣ್ಣಿನಿಂದ 3.3 ಸೆಂ.ಮೀ. ಹಿಂದಕ್ಕೆ ಹೋಗುತ್ತದೆ. ಮುಂದೆ ನಮಗಿದ್ದ ಅವಕಾಶ 3.1. ಕಣ್ಣು ಹೊರಗೆ ಬಿತ್ತು. ಫೋಕಸ್ ಚುಕ್ಕಿಯನ್ನೇ ಕಣ್ಣಿನ ಜಾಗಕ್ಕೆ ಸರಿಸಿ ತೆಗೆದು ನೋಡಿ. ಸರಿಹೋದರೆ ದೋಷ ಸಿಕ್ಕಿತು.

ಅದಕ್ಕೂ ಸರಿಹೋಗದಿದ್ದರೆ, ಮತ್ತು ನಿಮ್ಮದು ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆಗಿದ್ದರೆ, ಒಂದು ಪರೀಕ್ಷೆ ಮಾಡಿ. ಮೇಜಿನ ಮೇಲೆ 5 ಬೆಂಕಿಪೊಟ್ಟಣಗಳನ್ನು ಒಂದಕ್ಕಿಂತ ಒಂದು 2 ಸೆಂ.ಮೀ. ಹಿಂದೆ ಇರುವಂತೆ ಓರೆಯಾಗಿ ನಿಲ್ಲಿಸಿ. ಟ್ರೈಪಾಡ್ ಮೇಲಿಂದ ನಡುವಿನದಕ್ಕೆ ಫೋಕಸ್ ಮಾಡಿ. ಒಂದು ಸಲ ವ್ಯೂಫೈಂಡರ್‌ನಲ್ಲಿ ಆಟೋಫೋಕಸ್, ಒಂದು ಸಲ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ, ದೊಡ್ಡದು ಮಾಡಿ ಕೈಯಿಂದ. ಎರಡರಲ್ಲೂ ಬೇರೆ ಬೇರೆ ಪೊಟ್ಟಣ ಸ್ಪಷ್ಟವಾಗಿದ್ದರೆ ಆಟೋಫೋಕಸ್ ಹೊಂದಾಣಿಕೆ ತಪ್ಪಿದೆ. ಕೆಲವು ಕ್ಯಾಮೆರಾಗಳ ಮೆನುವಿನಲ್ಲೇ ಇದನ್ನು ಸರಿಪಡಿಸುವ ಜಾಗವಿದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸೆನ್ಸರ್ ತಾನೇ ಫೋಕಸ್ ನೋಡುವುದರಿಂದ ಈ ತೊಂದರೆ ಅಪರೂಪ.

ಮ್ಯಾಕ್ರೋದಲ್ಲಿ ದೂರದ ಲೆಕ್ಕ ಬಿಟ್ಟುಬಿಡಿ. ಇರುವೆಯನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಹಿಡಿಯುವಾಗ, ಕ್ರಾಪ್ ಕ್ಯಾಮೆರಾದಲ್ಲಿ ಎಫ್ 11 ಇಟ್ಟರೂ ಸಿಗುವ ಆಳ ಒಂದು ಮಿ.ಮೀ. ಕೂಡ ಇಲ್ಲ, 0.88 ಅಷ್ಟೇ. ಅಲ್ಲಿ ಹಿಗ್ಗುವಿಕೆಯನ್ನು ಹಾಕಿ ಲೆಕ್ಕ ಮಾಡುವ ಆಪ್ ಬೇಕು.

ಕೊನೆಗೆ ಲೆನ್ಸ್

ಲೆನ್ಸ್ ಮೇಲೆ ಅನುಮಾನ ಪಡುವುದು ಇಷ್ಟೆಲ್ಲ ಆದ ಮೇಲೆ. ತಂಪು ಹೊತ್ತಿನಲ್ಲಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಡಿ. 2 ಸೆಕೆಂಡ್ ಟೈಮರ್ ಹಾಕಿ. ದೂರದ ಕಟ್ಟಡಕ್ಕೆ ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ಫೋಕಸ್ ಮಾಡಿ. ಎಫ್ 8ರಲ್ಲಿ ಒಂದು ಚಿತ್ರ ತೆಗೆಯಿರಿ. ನಡುಭಾಗ ಸ್ಪಷ್ಟವಾಗಿದ್ದರೆ ಲೆನ್ಸ್ ಫೋಕಸ್ ಹಿಡಿಯುತ್ತಿದೆ ಎಂದು ಅರ್ಥ. ಆಮೇಲೆ ಅದೇ ಕಟ್ಟಡವನ್ನು ಚೌಕಟ್ಟಿನ ಎಡ ತುದಿಗೆ ತಂದು, ಅಲ್ಲಿಯೇ ಹೊಸದಾಗಿ ಫೋಕಸ್ ಮಾಡಿ ಒಂದು ತೆಗೆಯಿರಿ. ಬಲ ತುದಿಗೂ ಹಾಗೇ ಒಂದು. ಎರಡೂ ತುದಿ ಒಂದೇ ಸಮ ಇದ್ದರೆ ಚಿಂತೆಯಿಲ್ಲ. ಒಂದು ತುದಿ ಎಷ್ಟು ಫೋಕಸ್ ಮಾಡಿದರೂ ಮಸುಕಾಗಿಯೇ ಇದ್ದರೆ ಒಳಗಿನ ಗಾಜು ಓರೆಯಾಗಿರಬಹುದು. ಆ 2 ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ಲೆನ್ಸ್ ಜೊತೆ ಕ್ಯಾಮೆರಾವನ್ನೂ ತೆಗೆದುಕೊಂಡು ರಿಪೇರಿಯವರ ಹತ್ತಿರ ಹೋಗಿ. 'ಮಸುಕು ಬರುತ್ತದೆ' ಎಂದು ಬಾಯಲ್ಲಿ ಹೇಳುವ ಬದಲು ಚಿತ್ರ ತೋರಿಸಿದರೆ ಅವರು ನೇರವಾಗಿ ದೋಷ ಇರುವ ಕಡೆಗೇ ಕೈ ಹಾಕುತ್ತಾರೆ.